ಹಳದಿಯ ಎಂಜಿನ್ನು, ಬೆಳ್ಳಿಯ ಮುಚ್ಚಳ

ಹೊಸನಗರದಲ್ಲಿ ಎರಡು ವಿಮಾನ ಇದ್ದವು ಎಂದರೆ ಸಾಗರದಲ್ಲಿ ಯಾರೂ ನಂಬುವುದಿಲ್ಲ. ನಂಬಿಸುವಷ್ಟು ಶಕ್ತಿ ನನಗೂ ಉಳಿದಿಲ್ಲ. ಈಗ ಅಲ್ಲಿ ಒಂದೇ ಇದೆ. ಇನ್ನೊಂದು ಹೋಗಿದ್ದರಲ್ಲಿ ನನ್ನದೂ ಪಾಲಿದೆ. ಅದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ.

ನಾನು ಕುಶನ್ ಕೆಲಸದವಳು. ಜೀಪಿನ ಟಾಪು, ಆಟೋದ ಹುಡ್ಡು, ಬಸ್ಸಿನ ಸೀಟು ಹೊಲಿಯುವುದು. ಸಾಗರದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಕೆಳಗೆ ಅಂಗಡಿ ಇಟ್ಟವನು ನನ್ನ ಗಂಡ. ಅವನು ಸತ್ತ ಮೇಲೆ ಮಷಿನ್ ಉಳಿಯಿತು, ನಾನೂ ಉಳಿದೆ. ಅಪ್ಪನ ಮನೆಯವರು ಗೇಣಿ ಗದ್ದೆ ಮಾಡಿಕೊಂಡಿದ್ದವರು. ನಾಟಿ ಮಾಡಿದ ಕೈಗೆ ಸೂಜಿ ಹಿಡಿಯುವುದು ಕಷ್ಟವಾಗಲಿಲ್ಲ, ಎರಡಕ್ಕೂ ಬೆನ್ನು ಬಗ್ಗಲೇಬೇಕು. ಮೂರನೇ ಕ್ಲಾಸು ಪೂರ್ತಿ ಮಾಡಲಿಲ್ಲ. ಟೇಪಿನ ಮೇಲಿನ ಸಣ್ಣ ಗೆರೆಗಳು ನನಗೆ ಇವತ್ತಿಗೂ ತಿಳಿಯುವುದಿಲ್ಲ. ದಾರಕ್ಕೆ ಗಂಟು ಹಾಕಿ ಅಳತೆ ತೆಗೆಯುತ್ತೇನೆ. ನನ್ನ ದಾರದ ಅಳತೆಯಲ್ಲಿ ಹೊಲಿದ ಟಾಪು ಯಾವುದೂ ಸಡಿಲ ಬಂದಿಲ್ಲ.

ಒಂದು ದಿನ ಹೊಸನಗರದಿಂದ ಫೋನು ಬಂತು. ಹಳೇ ಜೀಪಿನ ಟಾಪು ಹೊಲಿಯುವವರು ನೀವೇನಾ ಎಂದು ಒಬ್ಬ ಗಂಡಸು ಕೇಳಿದರು. ಹೌದು ಎಂದೆ. ನಾಲ್ಕು ಸೀಟು ಹೊಲಿಯಬೇಕು, ಬಾಗಿಲಿನ ಒಳಗಡೆ ರೆಕ್ಸಿನ್ ಕೂರಿಸಬೇಕು ಎಂದರು.

"ಎಂತ ಗಾಡಿ ಮಾರಾಯ್ರೇ?"

"ವಿಮಾನ."

ನಾನು ಫೋನು ಕಟ್ ಮಾಡಿದೆ. ಕೆಲಸವಿಲ್ಲದವರು ತಮಾಷೆಗೆ ಮಾಡುತ್ತಾರೆ ಎಂದುಕೊಂಡೆ. ಆ ಮನುಷ್ಯ ಇನ್ನೊಂದು ಸಲ ಮಾಡಿ, ಬಯ್ಯಲಿಲ್ಲ, ಬಸ್ಸಿನಿಂದ ಎಲ್ಲಿ ಇಳಿಯಬೇಕು ಎಂದಷ್ಟೇ ಹೇಳಿದರು. ಆ ಧ್ವನಿಯಲ್ಲಿ ತಮಾಷೆ ಇರಲಿಲ್ಲ. ಹೋದೆ.

ಹೊಸನಗರ ಪೇಟೆ ದಾಟಿದ ಮೇಲೆ ರಸ್ತೆ ಪಕ್ಕ ಮುಚ್ಚಿಹೋದ ಒಂದು ಅಕ್ಕಿ ಗಿರಣಿ. ಅದರ ಶೆಡ್ಡಿನೊಳಗೆ ನಿಜಕ್ಕೂ ಎರಡು ವಿಮಾನ ನಿಂತಿದ್ದವು. ಒಂದು ಹಳದಿ, ಒಂದು ಬೆಳ್ಳಿ ಬಣ್ಣದ್ದು. ಎರಡೂ ಇಬ್ಬಿಬ್ಬರು ಕೂರುವಂಥವು. ದೊಡ್ಡ ವಿಮಾನ ಆಕಾಶದಲ್ಲಿ ಹೋಗುವುದನ್ನು ನೋಡಿದ್ದ ನನಗೆ ಇವು ಇಷ್ಟು ಸಣ್ಣವು ಎಂದು ನಗು ಬಂತು. ಹಳದಿಯ ರೆಕ್ಕೆ ಮುಟ್ಟಿದರೆ ಬಟ್ಟೆ. ಬಟ್ಟೆಗೆ ಬಣ್ಣ ಬಳಿದು ಬಿಗಿ ಮಾಡಿದ್ದರು. ಇದನ್ನು ಹೊಲಿದವರೂ ಯಾರೋ ನನ್ನಂಥವರೇ ಇರಬೇಕು ಎಂದುಕೊಂಡೆ.

ಫೋನು ಮಾಡಿದವರು ಅರಳಸುರಳಿ ಕಡೆಯ ತೋಟದ ಮನೆಯವರು. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಉತ್ತರದ ಯಾವುದೋ ಊರಲ್ಲಿ ವಿಮಾನ ಕಲಿಸುವ ಕ್ಲಬ್ಬಿನಲ್ಲಿ ಮೆಕ್ಯಾನಿಕ್ ಆಗಿದ್ದರಂತೆ. ಕ್ಲಬ್ಬು ಮುಚ್ಚಿದಾಗ ಗುಜರಿಗೆ ಹಾಕಿದ ಎರಡು ವಿಮಾನಗಳನ್ನು ಬಿಚ್ಚಿ ಲಾರಿಯಲ್ಲಿ ತಂದಿದ್ದರು. ಊರಿನವರು ಅವರನ್ನು ವಿಮಾನದವರು ಎಂದೇ ಕರೆಯುವುದು. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಇವು ಹಾರುವುದಿಲ್ಲ, ಹಾರಿಸಲು ಪರ್ಮಿಷನ್ನೂ ಇಲ್ಲ, ನೆಲದ ಮೇಲೆ ಎಂಜಿನ್ ಓಡಿಸಿ ಒಳಗೆ ಕೂರಬೇಕು, ಅಷ್ಟೇ ಎಂದು ಮೊದಲೇ ಹೇಳಿದರು. ಅಷ್ಟಕ್ಕೆ ಇಷ್ಟೆಲ್ಲ ಯಾಕೆ ಎಂದು ನಾನು ಕೇಳಲಿಲ್ಲ. ಓಡಿಸದ ಜೀಪಿಗೆ ಟಾಪು ಹೊಲಿಸಿಕೊಂಡು ಹೋದವರನ್ನು ಬೇಕಾದಷ್ಟು ನೋಡಿದ್ದೇನೆ.

ಗಿರಣಿಯ ಪಕ್ಕದಲ್ಲೇ ಈಗ ಅವರ ಮನೆ, ಅಲ್ಲಿಂದ ಅವರ ಹೆಂಡತಿ ಶೆಡ್ಡಿಗೆ ಕಾಫಿ ತಂದು ಇಟ್ಟರು. ಲೋಟ ಇಡುತ್ತಾ ಗಂಡನಿಗೆ, "ಒಂದು ಕಾರ್ ಇಡಲೆ ಜಾಗ ಇಲ್ಲೆ, ವಿಮಾನ ಮಾತ್ರ ಎರಡು ಇದ್ದು" ಎಂದರು. ಅವರು ಕಾಫಿ ಕುಡಿದು ಲೋಟ ವಾಪಸ್ ಕೊಟ್ಟರು. ಆ ಮಾತು ದಿನಾ ಒಂದು ಸಲ ಆಗುತ್ತದೆ ಎಂದು ಆಮೇಲೆ ತಿಳಿಯಿತು.

ಆ ಬೇಸಿಗೆ ಪೂರ್ತಿ ವಾರಕ್ಕೆ ಮೂರು ದಿನ ರೆಕ್ಸಿನ್ ಸುರುಳಿ ಹಿಡಿದು ಬಸ್ಸಿನಲ್ಲಿ ಓಡಾಡಿದೆ. ಮೊಣಕಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಬಸ್ಸು ಹತ್ತುವಾಗ ಕಂಡಕ್ಟರು ಸುರುಳಿಯನ್ನು ಮೊದಲು ಒಳಗೆ ಎಳೆದುಕೊಂಡು ಆಮೇಲೆ ನನ್ನನ್ನು ಎಳೆದುಕೊಳ್ಳುತ್ತಿದ್ದ. ಅಷ್ಟು ಓಡಾಡಿದ ಮೇಲೆ ಎರಡು ವಿಮಾನಗಳ ಗುಣ ದೋಷ ನನಗೂ ಗೊತ್ತಾಯಿತು. ಕೈ ಕೆಲಸ ಮಾಡುತ್ತಿರುವಾಗ ಅವರು ಹೇಳುತ್ತಲೇ ಇರುತ್ತಿದ್ದರು.

ಹಳದಿಯ ಎಂಜಿನ್ನಿಗೆ ನಾಲ್ಕು ಸಿಲಿಂಡರು. ಆ ಕಡೆ ಎರಡು ಈ ಕಡೆ ಎರಡು, ಎಮ್ಮೆ ಮಲಗಿ ಎರಡೂ ಕಡೆ ಕಾಲು ಚಾಚಿದ ಹಾಗೆ. ನಾಲ್ಕಕ್ಕೂ ಎದುರುಗಾಳಿ ತಾಗುತ್ತದೆ, ನಾಲ್ಕೂ ಒಂದೇ ಹದದಲ್ಲಿ ತಣ್ಣಗಿರುತ್ತವೆ. ಬೆಳ್ಳಿಯದಕ್ಕೂ ನಾಲ್ಕೇ, ಆದರೆ ಒಂದರ ಹಿಂದೆ ಒಂದು ಸಾಲಾಗಿ, ಅದೂ ಬಾವಲಿಯ ಹಾಗೆ ತಲೆಕೆಳಗಾಗಿ ನೇತು ಬಿದ್ದಿವೆ. ಹೀಗೆ ನೇತು ಹಾಕಿದರೆ ಮುಂದೆ ತಿರುಗುವ ಫ್ಯಾನು ಎತ್ತರದಲ್ಲಿ ಕೂರುತ್ತದೆ, ಮೂಗು ತಗ್ಗುತ್ತದೆ, ಓಡಿಸುವವನಿಗೆ ಮುಂದಿನ ದಾರಿ ಕಾಣುತ್ತದೆ ಎಂದರು. ಉಪಕಾರ ಒಂದಾದರೆ ಉಪದ್ರವ ಹತ್ತು. ಸುಮ್ಮನೆ ನಿಂತರೂ ಆಯಿಲ್ ಕೆಳಗಿಳಿದು ಸಿಲಿಂಡರಿನೊಳಗೆ ತುಂಬುತ್ತದೆ. ಪ್ಲಗ್ಗು ಬಿಚ್ಚಿ, ಫ್ಯಾನು ಕೈಯಲ್ಲಿ ತಿರುಗಿಸಿ, ಅಷ್ಟನ್ನೂ ಹೊರಗೆ ಹಾಕದೆ ಸ್ಟಾರ್ಟ್ ಮಾಡಿದರೆ ಒಳಗಿನ ರಾಡು ಬಗ್ಗಿ ಹೋಗುತ್ತದೆ. ಹಿಂದಿನ ಸಿಲಿಂಡರಿಗೆ ಗಾಳಿ ಸಾಲದೆ ಕಾದು ಬೆಂಕಿಯಾಗುತ್ತದೆ. ಬೆಳ್ಳಿಯ ಕೆಳಗೆ ಯಾವಾಗಲೂ ಒಂದು ತಗಡಿನ ತಟ್ಟೆ ಇಟ್ಟಿರುತ್ತಿದ್ದರು, ಅದರಲ್ಲಿ ಯಾವಾಗಲೂ ಆಯಿಲ್ ಇರುತ್ತಿತ್ತು.

ಒಂದು ದಿನ ಸ್ವಿಚ್ ಆಫ್ ಇದೆಯೇ ಎಂದು ಎರಡೆರಡು ಸಲ ನೋಡಿ, ನನ್ನ ಕೈಯಲ್ಲೇ ಎರಡರ ಫ್ಯಾನನ್ನೂ ನಿಧಾನಕ್ಕೆ ತಿರುಗಿಸಿದರು. ಹಳದಿಯದು ನಾಲ್ಕು ಸಲ ಒಂದೇ ಸಮ ಬಿಗಿಯಾಯಿತು. ಬೆಳ್ಳಿಯದು ಮೂರು ಸಲ ಬಿಗಿ, ಒಂದು ಸಲ ಜೊಳ್ಳು. ಒರಳು ತಿರುಗಿಸುವಾಗ ಹಿಟ್ಟಿನ ಹದ ಕೈಗೆ ತಿಳಿಯುತ್ತದಲ್ಲ, ಹಾಗೆ ತಿಳಿಯಿತು. ಮೂರನೇ ಸಿಲಿಂಡರಿನಲ್ಲಿ ಗಾಳಿ ನಿಲ್ಲುತ್ತಿಲ್ಲ, ಅದರ ಸಾಮಾನು ಈಗ ಎಲ್ಲೂ ಸಿಗುವುದಿಲ್ಲ ಎಂದರು.

ಇನ್ನು ಮುಚ್ಚಳ. ಅವರು ಕ್ಯಾನೊಪಿ ಎನ್ನುತ್ತಿದ್ದರು, ನನಗೆ ಅದು ಮುಚ್ಚಳವೇ. ಹಳದಿಯದರಲ್ಲಿ ಇಬ್ಬರು ಅಕ್ಕಪಕ್ಕ ಕೂರಬೇಕು, ತಲೆ ಮೇಲೆ ರೆಕ್ಕೆ, ಎರಡು ಕಡೆ ಕಾರಿನ ಹಾಗೆ ಬಾಗಿಲು, ಮೇಲಿನ ಮಾಡಿಗೆ ಒಂದು ಸಣ್ಣ ಕಿಟಕಿ. ಆ ಕಿಟಕಿಯ ಪ್ಲಾಸ್ಟಿಕ್ಕು ಹಳದಿ ಬಣ್ಣಕ್ಕೆ ತಿರುಗಿತ್ತು. ಕೆಳಗೆ ನೋಡಿದರೆ ನೆಲ ಚೆನ್ನಾಗಿ ಕಾಣುತ್ತದೆ, ಮೇಲೆ ಎಂತದೂ ಕಾಣುವುದಿಲ್ಲ. ಬೆಳ್ಳಿಯದರಲ್ಲಿ ಒಬ್ಬರ ಹಿಂದೆ ಒಬ್ಬರು. ರೆಕ್ಕೆ ಕೆಳಗೆ. ಇಬ್ಬರ ಮೇಲೂ ಒಂದೇ ಉದ್ದನೆಯ ಪಾರದರ್ಶಕ ಮುಚ್ಚಳ, ಕಂಬಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಒಳಗೆ ಕೂತರೆ ಸುತ್ತ ಆಕಾಶವೇ. ಅದಕ್ಕೆ ಅವರು ಮನೆಯ ಹಳೇ ಕೌದಿ ಹೊದಿಸಿ ಇಟ್ಟಿದ್ದರು. ಇಷ್ಟು ವರ್ಷಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ನನ್ನನ್ನು ಕೇಳಿದರೆ ಟಾಪು ಹೊಲಿಯುವವಳಾಗಿ ಹಳದಿಯೇ ಮೇಲು. ನೆರಳು ಕೊಡದ ಟಾಪು ಎಂತ ಟಾಪು? ಬೆಳ್ಳಿಯ ಮುಚ್ಚಳ ಎಳೆದುಕೊಂಡು ಬಿಸಿಲಲ್ಲಿ ಕೂತರೆ ಹಪ್ಪಳದ ಹಾಗೆ ಒಣಗಬೇಕು. ಅವರಿಗೆ ಹಾಗೆ ಹೇಳಿದೆ. ಕ್ಲಬ್ಬಿನಲ್ಲಿ ಒಂದು ಪದ್ಧತಿ ಇತ್ತಂತೆ: ರಿಪೇರಿಯಾದ ವಿಮಾನದಲ್ಲಿ ಮೊದಲ ಸಲ ಮೇಲೆ ಹೋಗುವಾಗ ರಿಪೇರಿ ಮಾಡಿದವನೇ ಜೊತೆಗೆ ಕೂರಬೇಕು. ಕೆಲಸ ಸರಿಯಾಗಿ ಮಾಡಿದ್ದರೆ ಹೆದರಿಕೆ ಎಂತಕ್ಕೆ ಎಂದು. ಹಾಗೆ ಅವರು ಎಷ್ಟೋ ಸಲ ಈ ಬೆಳ್ಳಿಯ ಹಿಂದಿನ ಸೀಟಿನಲ್ಲೇ ಕೂತು ಹೋಗಿದ್ದರು. "ನೀವು ನೆರಳು ನೋಡ್ತೀರಿ, ನಾನು ಆಕಾಶ ನೋಡ್ದೋನು ಮಾರಾಯ್ತಿ" ಎಂದರು.

ಯಾವುದು ಮೇಲು ಎನ್ನುವುದು ಬರೀ ಮಾತಿಗಲ್ಲ. ಗಿರಣಿಯ ಮಾಲೀಕರು ಅರ್ಧ ಶೆಡ್ಡು ಬಿಟ್ಟು ಕೊಡಿ ಎಂದಿದ್ದರು. ಮಳೆ ಹಿಡಿಯುವ ಮುಂಚೆ ಒಂದು ವಿಮಾನ ಹೊರಡಬೇಕು. ತೀರ್ಥಹಳ್ಳಿ ಕಡೆಯ ಒಂದು ಕಾಲೇಜಿನವರು ಒಂದನ್ನು ತೆಗೆದುಕೊಳ್ಳುತ್ತೇವೆ, ಯಾವುದಾದರೂ ಸರಿ ಎಂದಿದ್ದರು. ಹೋದ ವಿಮಾನದ ಎಂಜಿನ್ನನ್ನು ಬಿಚ್ಚಿ, ಒಳಗೆ ಹೇಗಿದೆ ಎಂದು ಓದುವವರಿಗೆ ಕಾಣಲು ಅರ್ಧಕ್ಕೆ ಕೊಯ್ದು ಮೇಜಿನ ಮೇಲೆ ಇಡುತ್ತಾರೆ. ಕೊಯ್ದ ಮೇಲೆ ಅದು ಇನ್ನು ಯಾವತ್ತೂ ಓಡುವುದಿಲ್ಲ. ಎಂಜಿನ್ ನೋಡಿದರೆ ಹಳದಿ ಉಳಿಯಬೇಕು, ಮುಚ್ಚಳ ನೋಡಿದರೆ ಬೆಳ್ಳಿ. ಇದರ ಎಂಜಿನ್ ಅದಕ್ಕೆ ಕೂರುವುದಿಲ್ಲ, ಅದರ ಮುಚ್ಚಳ ಇದಕ್ಕೆ ಆಗುವುದಿಲ್ಲ. ಎರಡು ತಿಂಗಳು ಆ ಮನುಷ್ಯ ಎರಡರ ನಡುವೆ ಓಡಾಡಿದ್ದನ್ನು ನೋಡಿ ನನಗೇ ಸುಸ್ತಾಗಿತ್ತು.

ಇದರ ನಡುವೆ ಅವರ ಕಣ್ಣಿನ ವಿಷಯ ಒಂದಿದೆ. ಹಿಂದಿನ ವರ್ಷ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಕೆಲವರಿಗೆ ಆರು ತಿಂಗಳು ವರ್ಷ ಕಳೆದು ಮತ್ತೆ ಮಂಜು ಬರಬಹುದು, ಬಂದರೆ ತೋರಿಸಿ ಎಂದು ಡಾಕ್ಟರು ಹೇಳಿದ್ದರು. ಡಾಕ್ಟರು ಹೇಳಿದ್ದು ಒಂದು ಸಲ. ಇವರು ದಿನಾ ಬೆಳಿಗ್ಗೆ ಎದ್ದು ಅದನ್ನೇ ನೆನೆಸಿಕೊಳ್ಳುತ್ತಿದ್ದರು.

ಅವರು ಕಾಲೇಜಿನವರ ಹತ್ತಿರ ಮಾತಾಡಲು ತೀರ್ಥಹಳ್ಳಿಗೆ ಹೋದ ದಿನ ನಾನು ಬೆಳ್ಳಿಯ ಮುಚ್ಚಳದ ಅಂಚಿಗೆ ಉಣ್ಣೆಯ ಪಟ್ಟಿ ಅಂಟಿಸುತ್ತಿದ್ದೆ, ಕಂಬಿಯ ಮೇಲೆ ಜಾರುವಾಗ ಕಿರುಗುಟ್ಟಬಾರದು ಎಂದು. ಅಂಟಿಸುವ ಸೊಲ್ಯೂಷನ್ನಿನ ಎರಡು ಹನಿ ಮುಚ್ಚಳದ ಮೇಲೆ ಬಿತ್ತು. ಅಲ್ಲೇ ಪಕ್ಕದಲ್ಲಿ ಯಾವ ಕಾಲದ್ದೋ ಟೇಪಿನ ಗೋಂದು ಕೂಡ ಅಂಟಿತ್ತು. ಜೀಪಿನ ಟಾಪಿನ ಪ್ಲಾಸ್ಟಿಕ್ ಕಿಟಕಿಗೆ ಗೋಂದು ಅಂಟಿದರೆ ನಾವು ಹಳೇ ಬನಿಯನ್ನಿಗೆ ಪೆಟ್ರೋಲ್ ಅದ್ದಿ ಒಂದೇ ಸಲ ಎಳೆದು ಒರೆಸುತ್ತೇವೆ. ನಲವತ್ತು ವರ್ಷ ಹಾಗೇ ಮಾಡಿದ್ದೇನೆ. ಇದಕ್ಕೂ ಹಾಗೇ ಮಾಡಿದೆ. ಗೋಂದು ಹೋಯಿತು, ಒರೆಸಿದ ಜಾಗ ಫಳಫಳ ಹೊಳೆಯಿತು. ಅಷ್ಟೇ ಹೊಳೆದರೆ ಉಳಿದದ್ದು ಮಂಕಾಗಿ ಕಾಣುತ್ತದೆ ಎಂದು ಇಡೀ ಮುಚ್ಚಳ ಒರೆಸಿದೆ, ಒಳಗೂ ಹೊರಗೂ. ಅವರು ಬಂದು ನೋಡಿ ಖುಷಿ ಪಡಲಿ ಎಂದೂ ಇತ್ತು.

ಬುತ್ತಿ ಉಂಡು ಕೈ ತೊಳೆದು ಬರುವಷ್ಟರಲ್ಲಿ ಹಂಚಿನ ಸಂದಿಯ ಬಿಸಿಲು ಅದರ ಮೇಲೆ ಬಿದ್ದಿತ್ತು. ಬೇಸಿಗೆಯಲ್ಲಿ ಒಡೆದ ಹಿಮ್ಮಡಿಯ ಹಾಗೆ ಗೆರೆ, ಗೆರೆ, ಗೆರೆ. ಕೂದಲಿಗಿಂತ ಸಣ್ಣ. ಉಗುರು ಎಳೆದರೆ ತಾಗುವುದಿಲ್ಲ, ಒಳಗೇ ಬಿರಿದಿತ್ತು. ಜೀಪಿನ ಮೆತ್ತನೆಯ ಪ್ಲಾಸ್ಟಿಕ್ಕಿಗೆ ಆಗುವ ಪೆಟ್ರೋಲ್ ಈ ಗಟ್ಟಿ ಪ್ಲಾಸ್ಟಿಕ್ಕಿಗೆ ಆಗುವುದಿಲ್ಲ ಎಂದು ಆಗ ತಿಳಿಯಿತು. ಹೊರಗೆ ನಿಂತು ನೋಡಿದರೆ ಅಷ್ಟಾಗಿ ಕಾಣುತ್ತಿರಲಿಲ್ಲ. ಒಳಗೆ ತಲೆ ಹಾಕಿ ಬೆಳಕಿನ ಕಡೆ ನೋಡಿದರೆ ಆಗುಂಬೆಯ ಮಂಜು. ಸೋಪಿನಲ್ಲಿ ತೊಳೆದೆ, ನೀರಿನಲ್ಲಿ ತೊಳೆದೆ. ಆಗಲಿಲ್ಲ. ಕೌದಿ ಹೊದಿಸಿ ಕೂತೆ.

ಸಂಜೆ ಹೊತ್ತಿಗೆ ಅವರು ಬಂದರು. ಮುಖದಲ್ಲಿ ಹಗುರ ಇತ್ತು. ಹಳದಿಯನ್ನೇ ಕಾಲೇಜಿಗೆ ಕೊಡುವುದು, ಬೆಳ್ಳಿ ಇಟ್ಟುಕೊಳ್ಳುವುದು ಎಂದು ಬಸ್ಸಿನಲ್ಲಿ ಬರುವಾಗ ಮನಸ್ಸು ಗಟ್ಟಿ ಮಾಡಿಕೊಂಡರಂತೆ. ನಾಳೆ ಫೋನು ಮಾಡಿ ಹೇಳುವುದಷ್ಟೇ ಬಾಕಿ ಎಂದರು. ಕೌದಿ ತೆಗೆದು, ಬೆಳ್ಳಿಯ ಹಿಂದಿನ ಸೀಟು ಹತ್ತಿ ಕೂತು, ಮುಚ್ಚಳ ಎಳೆದುಕೊಂಡರು. ಕಿರುಗುಟ್ಟಲಿಲ್ಲ. ಶೆಡ್ಡಿನ ಬಾಗಿಲಿನ ಬೆಳಕಿನ ಕಡೆ ನೋಡಿದರು.

ಎಡಗಣ್ಣು ಮುಚ್ಚಿ ನೋಡಿದರು, ಬಲಗಣ್ಣು ಮುಚ್ಚಿ ನೋಡಿದರು. ಕಣ್ಣು ಉಜ್ಜಿಕೊಂಡರು. ಮುಚ್ಚಳ ಸರಿಸಿ ಇಳಿಯುವಾಗ ಕಣ್ಣಲ್ಲಿ ನೀರು ತುಂಬಿತ್ತು, ಶೆಡ್ಡೊಳಗೆ ಕತ್ತಲೂ ಆಗುತ್ತಿತ್ತು. ಹೆದರಿದವರಿಗೆ ಹೊರಗೂ ಮಂಜೇ ಕಂಡಿರಬೇಕು. ಮುಚ್ಚಳದ ಮೇಲೆ ಅವರಿಗೆ ಅನುಮಾನವೇ ಬರಲಿಲ್ಲ.

"ಮತ್ತೆ ಬಂತು ಮಾರಾಯ್ತಿ" ಎಂದರು. "ಕಣ್ಣು ಮುಗೀತು."

ಧೂಳಿರಬೇಕು ಎಂದೆ. ನನ್ನ ಬಾಯಿಂದ ಬಂದದ್ದು ಅದು. ಅವರು ಅಲ್ಲ ಎಂದು ತಲೆ ಆಡಿಸಿದರು.

"ಕಣ್ಣೇ ಇಲ್ದಿದ್ಮೇಲೆ ಕ್ಯಾನೊಪಿ ಎಂತಕ್ಕೆ? ಎಂಜಿನ್ ಆದ್ರೆ ಕಿವಿಗೆ ಸಾಕು. ಹಳದಿನೇ ಇರ್ಲಿ."

ನಾನು ಚೀಲ ಎತ್ತಿಕೊಂಡು ಬಸ್ಸಿಗೆ ಹೋದೆ. ಹೇಗಿದ್ದರೂ ಹಳದಿಯ ಎಂಜಿನ್ನೇ ಒಳ್ಳೆಯದು, ಮೂರು ಸಿಲಿಂಡರಿನದನ್ನು ಇಟ್ಟುಕೊಂಡು ಏನು ಮಾಡುತ್ತಾರೆ, ಆದದ್ದು ಒಳ್ಳೆಯದಕ್ಕೇ ಆಯಿತು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗಿಯೇ ಬರುತ್ತಿತ್ತು. ಮರುದಿನ ಮೊಣಕಾಲು ನೋವು ಎಂದು ಫೋನು ಮಾಡಿದೆ. ಅದರ ಮರುದಿನವೂ. ಮೊಣಕಾಲು ನೋಯುತ್ತಿದ್ದದ್ದು ನಿಜ, ಆದರೆ ಅದು ಯಾವತ್ತು ನೋಯುವುದಿಲ್ಲ?

ಮೂರನೇ ದಿನ ಬೆಳಿಗ್ಗೆ ಅವರ ಹೆಂಡತಿಯ ಫೋನು ಬಂತು. ಬಯ್ಯುವ ಹೆಂಗಸು, ಅವತ್ತು ಬಯ್ಯಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಒಳಗಿನ ಕೋಣೆಯಲ್ಲಿ ಕೂತಿದ್ದಾರೆ, ಕಣ್ಣು ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿದ್ದಾರೆ, ಡಾಕ್ಟರ ಹತ್ತಿರ ಕರೆದರೆ ಮುಂದಿನ ವಾರ ಎನ್ನುತ್ತಾರೆ, ಸ್ಪ್ಯಾನರುಗಳನ್ನೆಲ್ಲ ಒರೆಸಿ ಪೆಟ್ಟಿಗೆಗೆ ಹಾಕಿದ್ದಾರೆ, ಅವನ್ನೂ ಕಾಲೇಜಿಗೇ ಕೊಡುತ್ತಾರಂತೆ ಎಂದರು. "ನೀವಾದ್ರೂ ಬಂದು ಒಂದು ಮಾತು ಹೇಳಿ, ನನ್ನ ಮಾತು ಕೇಳೋದಿಲ್ಲ" ಎಂದರು.

ನನಗೆ ಹೇಳಲು ಇದ್ದದ್ದು ಒಂದೇ ಮಾತು. ಮೊದಲ ಬಸ್ಸಿಗೆ ಹೋದೆ.

ಅವರು ಒಳಗಿಂದ ಬಂದು ಜಗುಲಿಯಲ್ಲಿ ಕೂತು, ನೀವೂ ಕೂರಿ ಎಂದರು. ಕೂರಲಿಲ್ಲ. ಕೂತರೆ ಏಳುವುದು ಕಷ್ಟ.

"ಮಾರಾಯ್ರೇ, ನಿಮ್ಮ ಕಣ್ಣಿಗೆ ಎಂತದೂ ಆಗ್ಲಿಲ್ಲ. ಆ ಮುಚ್ಚಳನ ಪೆಟ್ರೋಲ್ ಹಾಕಿ ಒರೆಸ್ದೆ ನಾನು. ಅದು ಬಿರಿದು ಹೋತು."

ಅವರು ಎದ್ದು ರಸ್ತೆಗೆ ಹೋದರು. ಕಪ್ಪು ಕನ್ನಡಕ ತೆಗೆದರು. ಸ್ಟಾಪಿನಲ್ಲಿ ಒಂದು ಬಸ್ಸು ನಿಂತಿತ್ತು. ಒಂದು ಕಣ್ಣು ಮುಚ್ಚಿ ಅದರ ಬೋರ್ಡು ಓದಿದರು, ಇನ್ನೊಂದು ಮುಚ್ಚಿ ಮತ್ತೆ ಓದಿದರು. ಬಸ್ಸು ಹೋದ ಮೇಲೆ ಆಚೆ ಕಡೆ ಅಂಗಡಿಯ ಬೋರ್ಡು ಓದಿದರು, ಅದರ ಕೆಳಗಿನ ಸಣ್ಣ ಅಕ್ಷರವನ್ನೂ ಓದಿದರು. ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡರು. ಅವರು ತಿರುಗಿ ಬಂದಾಗ ಮುಖ ಕೆಂಪಾಗಿತ್ತು.

"ಯಾವತ್ತು ಒರೆಸಿದ್ದು?"

"ನೀವು ತೀರ್ಥಹಳ್ಳಿಗೆ ಹೋದ ದಿನ."

"ಸಂಜೆ ನಾನು ಒಳಗೆ ಕೂತಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಜಗುಲಿಯ ಕಂಬ ಹಿಡಿದು ನಿಂತರು. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ಪೆಟ್ರೋಲ್ ಹಾಕಿದ್ದು ಬಿಡಿ, ಗೊತ್ತಿಲ್ದೆ ಆಗಿದ್ದು. ಬೆಳ್ಳೀದು ನಿಮ್ಗೇ ಅಂತ ನಿನ್ನೆ ಕಾಲೇಜಿನವ್ರಿಗೆ ಮಾತು ಕೊಟ್ಟೆ. ಅವತ್ತು ಸಂಜೆನೇ ಒಂದು ಮಾತು ಹೇಳಿದ್ರೆ ಕೊಡ್ತಿರ್ಲಿಲ್ಲ. ಮುಚ್ಚಳ ಹಿಂದಕ್ಕೆ ತಳ್ಳಿ ಕೂರ್ತಿದ್ದೆ ನಾನು."

ಅದು ನನಗೆ ಹೊಳೆದೇ ಇರಲಿಲ್ಲ. ಮುಚ್ಚಳ ಹಾಳಾದರೆ ವಿಮಾನವೇ ಹಾಳಾಯಿತು ಎಂದು ನಾನು ತಿಳಿದಿದ್ದೆ. ಟಾಪಿನವರ ಬುದ್ಧಿಯೇ ಅಷ್ಟು. ಟಾಪು ತೆಗೆದೂ ಗಾಡಿಯಲ್ಲಿ ಕೂರಬಹುದು ಎನ್ನುವುದು ನಮ್ಮ ತಲೆಗೆ ಹೋಗುವುದಿಲ್ಲ.

ಫೋನು ಮಾಡಿ ಇಲ್ಲ ಎನ್ನಿ ಎಂದೆ. ಅವರ ಹೆಂಡತಿಯೂ ಅದನ್ನೇ ಹೇಳಿದರು. ನಾನೇ ಮಾತಾಡುತ್ತೇನೆ, ನನ್ನ ತಪ್ಪು ಎಂದು ಹೇಳುತ್ತೇನೆ ಎಂದೂ ಹೇಳಿದೆ. ಅವರು ಒಪ್ಪಲಿಲ್ಲ. ಕಾಲೇಜಿನವರು ಲಾರಿ ಗೊತ್ತು ಮಾಡಿದ್ದಾರೆ, ಜಾಗ ಖಾಲಿ ಮಾಡಿಸಿದ್ದಾರೆ, ಒಂದು ಸಲ ಹೂಂ ಎಂದದ್ದು ಹೂಂ ಎಂದರು. ಹೆಂಡತಿ ಸ್ಪ್ಯಾನರಿನ ಪೆಟ್ಟಿಗೆಯನ್ನು ಒಳಗಿಂದ ಎಳೆದು ತಂದು ಜಗುಲಿಯ ಮೇಲೆ ಇಟ್ಟರು. ಅವರು ಅದನ್ನು ಎತ್ತಿಕೊಂಡು ಶೆಡ್ಡಿಗೆ ಹೋದರು. ನಾನು ಹಿಂದೆ ಹೋದೆ.

ಲಾರಿ ಬರುವವರೆಗೆ ಒಂದು ವಾರ ಇಬ್ಬರೂ ಹೆಚ್ಚು ಮಾತಾಡದೆ ಕೆಲಸ ಮಾಡಿದೆವು. ಅವರು ಬೆಳ್ಳಿಯ ರೆಕ್ಕೆ ಬಿಚ್ಚಿದರು, ಪೈಪುಗಳ ಬಾಯಿಗೆ ಬಟ್ಟೆ ಕಟ್ಟಿದರು. ದಾರಿಯ ಧೂಳು ಕೂರದ ಹಾಗೆ ಮೂಗಿಗೂ ಮುಚ್ಚಳಕ್ಕೂ ನಾನು ಟಾರ್ಪಾಲಿನ ಗವುಸು ಹೊಲಿದೆ. ಅಲ್ಲಿ ಹೋಗಿ ಕೊಯ್ಯುವುದಕ್ಕೆ ಇಷ್ಟು ಅಚ್ಚುಕಟ್ಟು ಯಾಕೆ ಎಂದು ಅನಿಸಿತು, ಆದರೂ ಅಂಚಿಗೆ ಎರಡು ಹೊಲಿಗೆ ಹಾಕಿದೆ. ಲಾರಿಯವರಿಗೆ ಅವರು ಹೇಳಿ ಕಳಿಸಿದ್ದು ಒಂದೇ: "ಕೊಯ್ಯೋದಾದ್ರೆ ಮೂರನೇ ಸಿಲಿಂಡರ್ ಕೊಯ್ಲಿ. ಉಳಿದ ಮೂರು ಮುಟ್ಟೋದು ಬೇಡ ಅಂತ ಹೇಳಿ." ಲಾರಿಯವರು ಹೇಳಿದರೋ ಇಲ್ಲವೋ, ಇವರು ಅಲ್ಲಿಗೆ ಹೋಗಿ ನೋಡಲಿಲ್ಲ. ನಾನೂ ಕೇಳಲಿಲ್ಲ.

ಮಳೆ ಹಿಡಿಯುವ ಮುಂಚೆ ಹಳದಿಯ ಸೀಟು ಮುಗಿಯಿತು. ಹೊಲಿದವರೇ ಮೊದಲು ಕೂರಬೇಕು ಎಂದರು. ಇಬ್ಬರು ಹಿಡಿದು ಹತ್ತಿಸಬೇಕಾಯಿತು. ಅವರು ಪಕ್ಕದಲ್ಲಿ ಕೂತು ಬ್ರೇಕು ತುಳಿದರು, ಗಿರಣಿ ಮಾಲೀಕರ ಕಡೆಯವನೊಬ್ಬ ಅವರು ಹೇಳಿದ ಹಾಗೆ ಫ್ಯಾನು ಎಳೆದು ಹಿಂದೆ ಸರಿದ. ಮೂರನೇ ಎಳೆತಕ್ಕೆ ಎಂಜಿನ್ ಹಿಡಿಯಿತು. ಗಿರಣಿಯ ಹಂಚು ನಡುಗಿತು, ನನ್ನ ಹಲ್ಲೂ ನಡುಗಿತು. ಶಬ್ದ ಒಂದೇ ಸಮ ಇತ್ತು, ಎಲ್ಲೂ ತಪ್ಪಲಿಲ್ಲ. ಅವರು ಕಿವಿ ಕೊಟ್ಟು ಕೇಳಿದರು. ಆಮೇಲೆ ತಲೆ ಎತ್ತಿ ಮೇಲೆ ನೋಡಿದರು. ಮೇಲೆ ರೆಕ್ಕೆ ಇತ್ತು. ಸ್ವಲ್ಪ ಹೊತ್ತಿಗೆ ಸ್ವಿಚ್ ಆಫ್ ಮಾಡಿ, "ಎಂಜಿನ್ ಚೆನ್ನಾಗಿದೆ" ಎಂದರು. ಅಷ್ಟೇ.

ಬಾಗಿಲಿನ ರೆಕ್ಸಿನ್ ಇನ್ನೂ ಬಾಕಿ ಇದೆ, ಹಾಗಾಗಿ ಹೋಗುತ್ತಿದ್ದೇನೆ. ಬೇರೆ ಯಾರನ್ನಾದರೂ ಕರೆಯುತ್ತಾರೆ ಎಂದುಕೊಂಡಿದ್ದೆ, ಕರೆಯಲಿಲ್ಲ. ಕಾಫಿ ಬರುತ್ತದೆ, ಮಾತೂ ಸ್ವಲ್ಪ ಸ್ವಲ್ಪ ಬರುತ್ತಿದೆ. ಆದರೆ ನಾನು ಒರೆಸುವ ಬಟ್ಟೆ ತೆಗೆದರೆ ಸಾಕು, ಅವರು ಎಲ್ಲಿದ್ದರೂ ಬಂದು ಅದನ್ನು ಕೈಯಿಂದ ತೆಗೆದುಕೊಂಡು ಒಂದು ಸಲ ಮೂಸಿ ನೋಡಿ ಕೊಡುತ್ತಾರೆ. ಈಗೀಗ ಅವರು ಬರುವ ತನಕ ಕಾಯುವುದಿಲ್ಲ, ನಾನೇ ಬಟ್ಟೆ ಅವರ ಕಡೆ ಚಾಚುತ್ತೇನೆ.